ಗುಂಡು ಹೊಡೆಯದ ಗಿರಾಕಿ

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ಕೂರುವುದು ಅಂತ ಇಲ್ಲ. ಸ್ಟೂಲ್ ಇರುತ್ತದೆ. ಆದರೆ ಅದರ ಮೇಲೆ ಕೂತವಳ ಕಿವಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ, ಕಾಲು ಬಾಗಿಲ ಕಡೆ. ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ವಿಡಿಯೋ ಗೇಮ್ ಅಂಗಡಿ ನೋಡಿಕೊಂಡು ನನ್ನ ದುಡಿಯುವ ವಯಸ್ಸನ್ನೆಲ್ಲ ಕಳೆದವಳು. ರೇಸು, ಕುಸ್ತಿ ಎಲ್ಲ ಇದ್ದವು, ಆದರೆ ಜನ ಬರುತ್ತಿದ್ದದ್ದು ಬೇಟೆ ಆಟಕ್ಕೆ. ಬೆಳಿಗ್ಗೆ ಶಟರ್ ಎತ್ತಿದರೆ ಸಂಜೆ ಎಳೆಯುವ ತನಕ ಢಂ ಢಂ ಢಂ. ಈಗ ಅಂಗಡಿ ಇಲ್ಲ, ಮನೆಯಲ್ಲಿದ್ದೇನೆ. ಆದರೂ ಪಕ್ಕದ ಮನೆಯವರು ಗೇಟು ಜೋರಾಗಿ ಹಾಕಿದರೆ ಎದ್ದು ನಿಲ್ಲುತ್ತೇನೆ.

ನನ್ನ ತಮ್ಮನ ಮಗಳು ನಂದಿನಿ ತರೀಕೆರೆಯಲ್ಲಿ ಗೇಮಿಂಗ್ ಜೋನ್ ಅಂತ ತೆರೆಯುತ್ತಿದ್ದಾಳೆ. ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡರೆ ಕಾಡಿನೊಳಗೇ ಹೋದ ಹಾಗಾಗುತ್ತದಂತೆ, ಜಿಂಕೆ ಪಕ್ಕದಲ್ಲೇ ಉಸಿರಾಡುತ್ತದಂತೆ. ಫೋನ್ ಮಾಡಿ, "ಅತ್ತೆ, ಅಷ್ಟು ವರ್ಷ ಮಾಡಿದೀರಲ್ಲ, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಟಿಪ್ಸ್ ನನಗೆ ಗೊತ್ತಿಲ್ಲ. ನಡೆದದ್ದು ಗೊತ್ತು. ಅದನ್ನೇ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಆಟದ ಮೇಲಿನ ಆಸೆಯಿಂದಲ್ಲ. ಅಕ್ಕನ ಗಂಡ ಮಲ್ಲೇಶಪ್ಪ ಭಾವ ಮೊದಲು ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಬೆಂಗಳೂರಿಗೆ ಸ್ಪೀಕರ್ ತರಲು ಹೋದವರು ಒಂದು ಟೀವಿ ಗೇಮನ್ನೂ ಪ್ಲಾಸ್ಟಿಕ್ ಗನ್ನನ್ನೂ ಹೊತ್ತುಕೊಂಡು ಬಂದರು. ನಾನಾಗ ಹೊಲಿಗೆ ಕಲಿಯುತ್ತಿದ್ದೆ. "ಗಂಡು ಹುಡುಗ್ರನ್ನ ಕೂರಿಸಿದ್ರೆ ಅವರೇ ಆಡ್ಕೊಂಡು ಕೂರ್ತಾರೆ ಕಣೇ ವನಜಾ, ನೀನು ಕೂತ್ಕೋ" ಅಂದರು. ಇಷ್ಟೇ ನನ್ನ ಇಂಟರ್‌ವ್ಯೂ. ಭಾವನೇ ಸಾಹುಕಾರರು, ಭಾವನೇ ಮೇಲಧಿಕಾರಿ. ದಿನಕ್ಕೆ ಹತ್ತು ಸಲ ಬಂದು ಇಣುಕಿ ಹೋಗುವುದೇ ಅವರ ಅಧಿಕಾರ.

ಮೊದಲು ಬಂದದ್ದು ಬಾತುಕೋಳಿ ಹೊಡೆಯುವ ಆಟ. ಹುಲ್ಲಿನಿಂದ ಬಾತುಕೋಳಿ ಪಟಪಟ ಅಂತ ಮೇಲೇಳುತ್ತದೆ, ಗನ್ ಹಿಡಿದು ಹೊಡೆಯಬೇಕು. ಗನ್ನಿನಿಂದ ಏನೂ ಹೊರಗೆ ಬರುವುದಿಲ್ಲ. ಟ್ರಿಗರ್ ಒತ್ತಿದಾಗ ಟೀವಿ ಒಮ್ಮೆ ಕಣ್ಣು ಮಿಟುಕಿಸಿದ ಹಾಗೆ ಕಪ್ಪಾಗಿ, ಹಕ್ಕಿ ಇದ್ದ ಜಾಗ ಮಾತ್ರ ಬೆಳ್ಳಗಾಗುತ್ತದೆ. ಆ ಬೆಳಕು ಗನ್ನಿನ ಮೂತಿಯೊಳಗೆ ಬಿದ್ದರೆ ಹಕ್ಕಿ ಸತ್ತ ಹಾಗೆ. ಇದು ನನಗೆ ಗೊತ್ತಾದದ್ದು ಕಂಡಕ್ಟರ್ ಮಂಜಣ್ಣನಿಂದ.

ಮಂಜಣ್ಣ ಹೆಗಲಿಗೆ ಟಿಕೆಟ್ ಚೀಲ ಹಾಕಿಕೊಂಡೇ ಬರುತ್ತಿದ್ದ. ಟೀವಿ ನೋಡುತ್ತಲೇ ಇರಲಿಲ್ಲ. ಬಾಗಿಲಾಚೆ ತನ್ನ ಬಸ್ಸು ನೋಡುತ್ತಾ ಗನ್ ಒತ್ತುತ್ತಿದ್ದ. ಒಂದು ಹಕ್ಕಿಯೂ ತಪ್ಪುತ್ತಿರಲಿಲ್ಲ. ಜನ ಸೇರಿದರು. ಭಾವ ಅವನ ಫೋಟೋ ಹಾಕಿಸುವ ಮಾತಾಡಿದರು. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಎಲ್ಲರೂ ಟೀವಿ ನೋಡುತ್ತಿದ್ದಾಗ ನಾನು ಅವನ ಕೈ ನೋಡಿದೆ. ಗನ್ನಿನ ಮೂತಿ ಟೀವಿಯ ಮೇಲಿದ್ದ ಬಲ್ಬಿನ ಕಡೆ ಇತ್ತು. ನಮ್ಮ ಅಗ್ಗದ ಗನ್ನಿಗೆ ಬೆಳಕು ಕಂಡರೆ ಸಾಕು, ಬಲ್ಬೂ ಒಂದೇ ಬಾತುಕೋಳಿಯೂ ಒಂದೇ.

"ಮಂಜಣ್ಣ, ಹಕ್ಕಿ ಕೆಳಗಿದೆ. ನೀವು ಹೊಡೀತಿರೋದು ಬಲ್ಬು."

ಅವನು ಗಹಗಹಿಸಿ ನಕ್ಕ. "ನೀನು ಟಿಕೆಟ್ ಚೆಕಿಂಗಿಗೆ ಹೋಗ್ಬೇಕಿತ್ತು ಕಣಮ್ಮ!" ಬಲ್ಬು ಹಿಂದಿನ ಗೋಡೆಗೆ ಹೋಯಿತು, ಚಾಂಪಿಯನ್ ಮತ್ತೆ ಬರಲಿಲ್ಲ. ನಂದಿನಿ, ನೋಡಬೇಕಾದ್ದು ಪರದೆಯನ್ನಲ್ಲ, ಆಡುವವರ ಕೈಯನ್ನು. ಟಿಪ್ಸ್ ಅಂತ ಬೇಕೇ ಬೇಕಾದರೆ ಇದನ್ನು ಇಟ್ಟುಕೋ.

ಆಮೇಲೆ ಭಾವ ಮೀನು ಹಿಡಿಯುವ ಆಟ ತಂದರು. ಗಾಳದ ಕೋಲಿನಂಥದ್ದು, ಸುತ್ತುವ ಹಿಡಿ, ಅದರ ಬುಡದಿಂದ ಟೀವಿಗೆ ವೈರು. ಬೆಂಡು ಮುಳುಗುವ ತನಕ ಕಾಯಬೇಕು. ಒಂದು ಬಸ್ಸು ಇಳಿದು ಇನ್ನೊಂದು ಬಸ್ಸಿಗೆ ಹೋಗುವ ಊರಿನಲ್ಲಿ ಕಾಯುವವರು ಯಾರು? ಕೊನೆಗೊಬ್ಬ ಬಂದ. ಬುಕ್ಕಾಂಬುಧಿ ಕೆರೆಯಲ್ಲಿ ಗಾಳ ಹಾಕಿ ಬೆಳೆದವನು, ಮದುವೆ ಸಾಮಾನಿಗೆ ಕಡೂರಿಗೆ ಬಂದಿದ್ದ. ಸ್ಟೂಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿದು ಕಾದ. ಬೆಂಡು ಮುಳುಗಿತು. ಕೆರೆಯಲ್ಲಿ ಎಳೆಯುವ ಹಾಗೇ ಎಳೆದ ನೋಡಿ, ವೈರಿನ ಸಮೇತ ಟೀವಿ ಮೇಜಿನಿಂದ ಕೆಳಗೆ ಬಂತು. ಹೊಗೆ, ಗಾಜು, ಕೂಗಾಟ. ಅವನು ಕೋಲು ಹಿಡಿದೇ ನಿಂತು ಕೇಳಿದ: "ಮೀನು ಬಂತೇನಮ್ಮ?" ಭಾವ ಓಡಿ ಬಂದವರು ಅಳುವುದೊಂದು ಬಾಕಿ. ಮಾರನೆ ದಿನದಿಂದ ಎಲ್ಲ ಟೀವಿಗಳಿಗೂ ತೆಂಗಿನ ಹಗ್ಗದ ಕಟ್ಟು ಬಿತ್ತು.

ಹೀಗೆ ನಕ್ಕುಬಿಡುವಂಥವು ಬೇಕಾದಷ್ಟಿವೆ. ಆದರೆ ನನ್ನನ್ನು ಈಗಲೂ ಕೂರಲು ಬಿಡದೆ ಇರುವುದು ಒಂದೇ ಒಂದು ಸಂಗತಿ.

ಅಷ್ಟು ಹೊತ್ತಿಗೆ ಟೀವಿ ಜೊತೆಗೆ ಕಂಪ್ಯೂಟರುಗಳೂ ಬಂದಿದ್ದವು. ಬೇಟೆ ಆಟದ ಸ್ವರೂಪವೇ ಬದಲಾಗಿತ್ತು. ಈಗ ಕಾಡಿದೆ, ಮರದ ನೆರಳಿದೆ, ಗಾಳಿಗೆ ಹುಲ್ಲು ಅಲ್ಲಾಡುತ್ತದೆ, ಪೊದೆಯ ಹಿಂದೆ ಹಂದಿ ಗುಟುರು ಹಾಕುತ್ತದೆ. ಕಾಲೇಜು ಹುಡುಗರ ಗುಂಪೊಂದು ದಿನವೂ ಬರುತ್ತಿತ್ತು. ಅವರಲ್ಲಿ ಕಿರಣ ಅಂತ ಒಬ್ಬ. ಊರು ಅಜ್ಜಂಪುರದಾಚೆಯ ಒಂದು ಹಳ್ಳಿ, ಡಿಗ್ರಿಗೆ ಕಡೂರಿನಲ್ಲಿ ರೂಮು ಮಾಡಿಕೊಂಡಿದ್ದ. ಅವನಷ್ಟು ಚುರುಕಾಗಿ ಹೊಡೆಯುವವನನ್ನು ನಾನು ಕಾಣಲಿಲ್ಲ. ಪೊದೆ ಅಲ್ಲಾಡಿದರೆ ಸಾಕು, ಏನು ಅಂತ ಕಾಣುವ ಮುಂಚೆಯೇ ಢಂ. ಬಿದ್ದ ಮೇಲೆ ನೋಡುವುದು.

ಅವನು ಬರುವ ದಿನಗಳಲ್ಲೇ ಒಬ್ಬರು ಹಿರಿಯರೂ ಬರತೊಡಗಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ತೆಂಗಿನ ಸಿಪ್ಪೆಯ ಕಲೆ. ಹೆಸರು ಓಂಕಾರಪ್ಪ, ಕೊಬ್ಬರಿ ವ್ಯಾಪಾರಕ್ಕೆ ಬರುತ್ತೇನೆ ಅಂದರು. ಕಿರಣನ ಹಿಂದಿನ ಕಂಪ್ಯೂಟರೇ ಬೇಕು ಅನ್ನುತ್ತಿದ್ದರು. ಮೌಸು ಹಿಡಿಯುವುದನ್ನು ನಾನೇ ಕಲಿಸಿದೆ. ಬೇಗ ಕಲಿತರು. ಕಾಡಿನೊಳಗೆ ನಿಧಾನವಾಗಿ ನಡೆಯುತ್ತಿದ್ದರು, ಮರದ ಬುಡದಲ್ಲಿ ನಿಲ್ಲುತ್ತಿದ್ದರು, ಹಂದಿ ಬಂದರೆ ಕೋವಿ ಎತ್ತಿ ಗುರಿ ಹಿಡಿಯುತ್ತಿದ್ದರು. ಹಂದಿ ದಾಟಿಹೋಗುವ ತನಕ ಹಿಡಿದೇ ಇರುತ್ತಿದ್ದರು. ಹೊಡೆಯುತ್ತಿರಲಿಲ್ಲ.

ನಾನು ಕೈ ನೋಡಿದೆ. ಅವರ ಬೆರಳು ಮೌಸಿನ ಗುಂಡಿಯ ಮೇಲೆ ಇರುತ್ತಲೇ ಇರಲಿಲ್ಲ. ಮಡಚಿಕೊಂಡು ಪಕ್ಕದಲ್ಲಿರುತ್ತಿತ್ತು.

ವಾರಗಟ್ಟಲೆ ಇದೇ. ಹುಡುಗರು ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಕಿರಣ. ಭಾವನಿಗೆ ಹೇಳಿದರೆ, "ಆಡೋರು ಹೆಂಗಾದ್ರೂ ಆಡ್ಲಿ ಬಿಡೇ, ನಿಂಗ್ಯಾಕೆ?" ನನ್ನಿಂದ ಬಿಡಲಾಗಲಿಲ್ಲ. ಯಾಕೆ ಬರುತ್ತಾರೆ ಇವರು? ಯಾಕೆ ಇವನ ಹಿಂದೆಯೇ ಕೂರುತ್ತಾರೆ? ಬಾಗಿಲಿಗೆ ಹೋಗಿ ಬರುತ್ತೇನೆ, ವೈರು ಸರಿಮಾಡುವ ನೆಪದಲ್ಲಿ ಅವರ ಪಕ್ಕ ಸುಳಿಯುತ್ತೇನೆ. ಒಂದು ದಿನ ಕೇಳಿಯೇಬಿಟ್ಟೆ.

"ಯಜಮಾನ್ರೇ, ಎದುರಿಗೇ ನಿಂತಿದೆಯಲ್ಲ, ಯಾಕೆ ಹೊಡಿಯಲ್ಲ ನೀವು?"

"ಅದರ ಹಿಂದೆ ಯಾರಿದಾರೋ ಕಾಣಲ್ಲ ಕಣಮ್ಮ."

"ಅಯ್ಯೋ, ಇದು ಆಟ. ಹಿಂದೆ ಯಾರೂ ಇರಲ್ಲ."

ಪರದೆಯಿಂದ ಕಣ್ಣು ತೆಗೆಯದೆ ಅವರು ಅಂದರು: "ಅವತ್ತೂ ಹಂಗೇ ಹೇಳಿದ್ರು."

ಯಾವತ್ತು ಅನ್ನುವುದು ಬೇಗನೇ ತಿಳಿಯಿತು. ಅದೇ ವಾರ ಹುಡುಗರು ಆಡುತ್ತಿದ್ದಾಗ ಕಿರಣನ ಗೆಳೆಯನೊಬ್ಬ ಹಿಂದೆ ತಿರುಗಿ, "ಅಜ್ಜ, ಹಂದಿಗೆ ಬಸ್ ಚಾರ್ಜ್ ಕೊಟ್ಟು ಕಳಿಸ್ತೀರಾ?" ಅಂದ. ಎಲ್ಲರೂ ನಕ್ಕರು. ಕಿರಣ ನಗಲಿಲ್ಲ. ಸರಕ್ಕನೆ ಎದ್ದು ಓಂಕಾರಪ್ಪನವರ ಎದುರು ನಿಂತ. ಮುಖ ಕೆಂಪಾಗಿತ್ತು.

"ಹೊಡಿಯೋಕೆ ಈಗ ಭಯ ಏನು? ನಮ್ಮಪ್ಪನ ಕಾಲಿಗೆ ಹೊಡೆದಾಗ ಭಯ ಇರ್ಲಿಲ್ವಾ?"

ಯಾರೂ ಆಡದೆ ಬಿಟ್ಟ ಕಂಪ್ಯೂಟರಿನಲ್ಲಿ ಕಾಡಿನ ಹಕ್ಕಿಗಳ ಸದ್ದು ಮಾತ್ರ. ಓಂಕಾರಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಇರ್ಲಿಲ್ಲ ಕಣೋ ಮಗ. ಭಯ ಇರ್ಲಿಲ್ಲ. ಅದಕ್ಕೇ ಹೊಡೆದೆ."

ಹೋದರು. ಆಮೇಲೆ ಹುಡುಗರ ಬಾಯಿಂದಲೇ ವಿಷಯ ತಿಳಿಯಿತು. ಓಂಕಾರಪ್ಪ ಕಿರಣನ ತಂದೆ ರುದ್ರೇಶಪ್ಪನ ಒಡಹುಟ್ಟಿದ ಅಣ್ಣ. ಕಿರಣ ತೊಟ್ಟಿಲಲ್ಲಿದ್ದಾಗ ಅಣ್ಣತಮ್ಮಂದಿರು ಊರಿನವರ ಜೊತೆ ಹಂದಿ ಬೇಟೆಗೆ ಹೋಗಿದ್ದರು. ಪೊದೆ ಅಲ್ಲಾಡಿತು, ಓಂಕಾರಪ್ಪ ಹೊಡೆದರು, ಪೊದೆಯಲ್ಲಿದ್ದವನು ತಮ್ಮ. ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು. ಅವತ್ತಿನಿಂದ ಮನೆ ಎರಡಾಯಿತು, ಮಾತು ನಿಂತಿತು. ಆ ಮನೆಯ ಹುಡುಗ ಕಡೂರಿನಲ್ಲಿ ದಿನವೂ ಕೋವಿ ಹಿಡಿದು ಕೂರುತ್ತಾನೆ ಅಂತ ಯಾರೋ ಹೇಳಿದ್ದಕ್ಕೆ ಈ ಮನುಷ್ಯ ಬಸ್ಸು ಹತ್ತಿ ಬಂದು ಅವನ ಬೆನ್ನು ನೋಡುತ್ತಾ ಕೂರುತ್ತಿದ್ದರು. ಆಟದ ಕಾಡಿನಲ್ಲಿ ಅಡ್ಡಾಡುತ್ತಿದ್ದದ್ದು ಅಲ್ಲಿ ಕೂರಲು ಒಂದು ನೆಪ.

ಅವರು ಮತ್ತೆ ಬರಲಿಲ್ಲ. ಕಿರಣ ಬಂದ, ಮೊದಲಿಗಿಂತ ಜೋರಾಗಿ ಆಡಿದ. ಒಂದು ಶುಕ್ರವಾರ ಅವರ ಗುಂಪು ಆಟ ಬಿಟ್ಟು ತಲೆಗೆ ತಲೆ ಕೊಟ್ಟು ಮಾತಾಡುತ್ತಿತ್ತು. ಗುಂಡಿನ ಸದ್ದಿನ ಮಧ್ಯೆ ಪಿಸುಮಾತು ಕೇಳುವ ಕಿವಿ ನನಗೆ ಬಂದುಬಿಟ್ಟಿತ್ತು. ಒಬ್ಬನ ಮನೆಯ ಅಟ್ಟದ ಮೇಲೆ ಹಳೆಯ ನಾಡಕೋವಿ ಸಿಕ್ಕಿದೆ. ಭಾನುವಾರ ಬೇಟೆಗೆ ಎಮ್ಮೆದೊಡ್ಡಿ ಹುಲ್ಲುಗಾವಲಿಗೆ ಹೋಗುವುದು. ಮೊದಲ ಗುಂಡು ಕಿರಣನದು.

ಎಮ್ಮೆದೊಡ್ಡಿ ಕಾವಲು ನೋಡಿದವರಿಗೆ ಗೊತ್ತು. ಎದೆಯೆತ್ತರ ಹುಲ್ಲು, ಕುರುಚಲು, ಅದರ ನಡುವೆ ಅಮೃತಮಹಲ್ ದನ, ದನದ ಹಿಂದೆ ಮನುಷ್ಯರು. ಅಲ್ಲಿ ಪೊದೆ ಅಲ್ಲಾಡಿದರೆ ಅದು ಏನು ಬೇಕಾದರೂ ಆಗಿರಬಹುದು.

ಭಾವನ ಹತ್ತಿರ ಓಡಿದೆ. "ಪೊಲೀಸು ಗಿಲೀಸು ಅಂದ್ರೆ ಮೊದ್ಲು ಮುಚ್ಚೋದು ನಮ್ಮ ಅಂಗಡಿ. ನೀನು ಕೇಳ್ಲೇ ಇಲ್ಲ ಅಂತ ಇದ್ಬಿಡು" ಅಂದರು. ಅಷ್ಟು ವರ್ಷದಲ್ಲಿ ಅವರ ಮಾತು ಮೀರಿದ್ದು ಅದೊಂದೇ ಸಲ. ಶನಿವಾರ ಶಟರ್ ಅರ್ಧ ಎತ್ತಿದವಳು ಮತ್ತೆ ಎಳೆದು, ಅಜ್ಜಂಪುರದ ಬಸ್ಸು ಹತ್ತಿದೆ. ಕೂರಲು ಸೀಟಿತ್ತು. ನಿಂತೇ ಹೋದೆ.

ಊರು ಕೇಳಿಕೊಂಡು ಓಂಕಾರಪ್ಪನವರ ತೋಟಕ್ಕೆ ಹೋದಾಗ ಅವರು ಕಾಯಿ ಸುಲಿಯುತ್ತಿದ್ದರು. ವಿಷಯ ಕೇಳಿ ಕೈಲಿದ್ದ ಕಾಯಿ ಹಾಗೇ ಕೆಳಗಿಟ್ಟರು.

"ನನ್ನ ಮಾತು ಆ ಮನೇಲಿ ನಡಿಯಲ್ಲ ತಾಯಿ. ನೀನೇ ಹೋಗಿ ಹೇಳು."

"ನಾನು ಹೊರಗಿನವಳು. ಅದೂ ಗೇಮ್ ಅಂಗಡಿಯವಳು. ಮಗನ್ನ ಹಾಳು ಮಾಡಿದ್ದೇ ನೀನು ಅಂತ ಅಟ್ಟಿಬಿಡ್ತಾರೆ. ನೀವು ಬನ್ನಿ."

ಅವರು ತೋಟದ ಬೇಲಿಯನ್ನೇ ನೋಡುತ್ತಾ ಕೂತರು. ನನಗೆ ಒಂದೊಂದು ಕ್ಷಣವೂ ಮುಳ್ಳು. ಕೊನೆಗೆ ಎದ್ದರು. ದಾರಿಯುದ್ದಕ್ಕೂ ಅವರು ಮುಂದೆ, ನಾನು ಹಿಂದೆ.

ರುದ್ರೇಶಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿದ್ದರು. ವಾರದ ರಜೆಗೆ ಊರಿಗೆ ಬಂದಿದ್ದ ಕಿರಣ ಅಂಗಳದಲ್ಲಿ ಬೈಕು ಒರೆಸುತ್ತಿದ್ದ. ನನ್ನನ್ನು ಕಂಡು ಅವನ ಕೈ ನಿಂತಿತು.

"ಈ ಮನೆ ಬಾಗ್ಲಿಗೆ ಬರ್ಬೇಡ ಅಂತ ಹೇಳಿದ್ದೆ" ಅಂದರು ರುದ್ರೇಶಪ್ಪ.

"ಬಾಗ್ಲಿಗೆ ಬಂದಿಲ್ಲ. ಅಂಗಳದಲ್ಲೇ ನಿಂತಿದೀನಿ. ಹೇಳಿ ಹೋಗ್ತೀನಿ. ನಾಳೆ ನಿನ್ನ ಮಗ ನಾಡಕೋವಿ ತಗೊಂಡು ಎಮ್ಮೆದೊಡ್ಡಿಗೆ ಹೋಗ್ತಾ ಇದಾನೆ."

ಕಿರಣ ಬಟ್ಟೆ ಬಿಸಾಡಿದ. "ಹೋಗ್ತೀನಿ. ಏನೀಗ? ಇದನ್ನ ಹೇಳೋಕೆ ಇವರ್ಯಾರು? ನಾನೇನು ಇವರ ಹಂಗೆ ಕಣ್ಮುಚ್ಕೊಂಡು ಹೊಡಿಯೋನಲ್ಲ. ಯಾರ್ಯಾರು ಎಲ್ಲೆಲ್ಲಿ ನಿಲ್ಬೇಕು ಅಂತ ನಮ್ಮಲ್ಲಿ ಮಾತಾಗಿದೆ. ಯಾರೂ ಜಾಗ ಬಿಟ್ಟು ಅಲ್ಲಾಡಲ್ಲ."

"ಅಲ್ಲಾಡ್ತಾರೆ" ಅಂದರು ಅವನ ಅಪ್ಪ.

"ಯಾರೂ ಅಲ್ಲಾಡಲ್ಲ ಅಪ್ಪ, ನಂಗೊತ್ತು."

"ಅಲ್ಲಾಡ್ತಾರೆ ಕಣೋ. ನಾನು ಅಲ್ಲಾಡಿದ್ದೆ."

ರುದ್ರೇಶಪ್ಪನ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತರು. ಅವರಿಗೂ ಇದು ಹೊಸದು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಹುಣಸೆ ಮರದ ಬುಡ ಬಿಟ್ಟು ಕದಲಬೇಡ ಅಂತ ಅಣ್ಣ ಹೇಳಿ ಹೋಗಿದ್ದ. ನಾನು ಹೂಂ ಅಂದಿದ್ದೆ. ಹಂದಿ ಮೊದ್ಲು ನನಗೇ ಸಿಗ್ಲಿ, ಊರೋರೆಲ್ಲ ನನ್ನೇ ಹೊಗಳ್ಲಿ ಅಂತ ಪೊದೆಯೊಳಗೆ ನುಗ್ಗಿದೆ." ಅವರು ಮಗನನ್ನು ನೋಡುತ್ತಿರಲಿಲ್ಲ, ಗೋಡೆಗೆ ಒರಗಿದ್ದ ಕಾಲನ್ನು ನೋಡುತ್ತಿದ್ದರು. "ಆಸ್ಪತ್ರೇಲಿ ಎಚ್ಚರ ಆದಾಗ ಎಲ್ರೂ ಅಣ್ಣನ್ನ ಬೈತಾ ಇದ್ರು. ನಂಗೂ ಸಿಟ್ಟಿತ್ತು, ನೋವಿತ್ತು. ಬೈಲಿ ಅಂತ ಸುಮ್ಮನಾದೆ. ಆಮೇಲೆ ಹೇಳೋಕೆ ಆಗ್ಲೇ ಇಲ್ಲ."

ಓಂಕಾರಪ್ಪ ತಲೆ ಅಲ್ಲಾಡಿಸಿದರು. "ಬಿಡು ಅದನ್ನ. ಕಾಣದೇ ಇರೋದಕ್ಕೆ ಹೊಡೆದೋನು ನಾನೇ."

"ನೀನ್ಯಾಕೆ ಯಾರಿಗೂ ಹೇಳ್ಲಿಲ್ಲ? ನಾನು ಜಾಗ ಬಿಟ್ಟಿದ್ದು ನಿಂಗೊತ್ತಿತ್ತು."

"ಅದು ನೀನು ಹೇಳ್ಬೇಕಾದ ಮಾತು."

ಕಿರಣ ಅಪ್ಪನನ್ನೂ ಓಂಕಾರಪ್ಪನವರನ್ನೂ ನೋಡಿದ. ಚಿಕ್ಕಂದಿನಿಂದ ತಿಂದ ಅನ್ನದ ಜೊತೆ ನುಂಗಿದ ಸಿಟ್ಟು ಅದು. ಅದನ್ನು ಎಲ್ಲಿಡಬೇಕು ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ಬಿಸಾಡಿದ ಬಟ್ಟೆ ಎತ್ತಿಕೊಂಡು ಬೈಕಿನ ಪಕ್ಕ ಕೂತು, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದ. ರುದ್ರೇಶಪ್ಪ ಕಾಲು ಕಟ್ಟಿಕೊಂಡರು. "ಏಳೋ, ಗಾಡಿ ತೆಗಿ. ಆ ಕೋವಿ ಇರೋ ಮನೆಗೆ ಹೋಗೋಣ" ಅಂದರು. ಕಿರಣ ಎದ್ದ. ಅಪ್ಪ ಮಗ ಹೊರಟ ಮೇಲೆ ರುದ್ರೇಶಪ್ಪನ ಹೆಂಡತಿ ಒಂದು ಚೊಂಬು ನೀರು ತಂದು ಗಂಡನ ಅಣ್ಣನಿಗೆ ಕೊಟ್ಟರು. ಓಂಕಾರಪ್ಪ ಅಂಗಳದಲ್ಲಿ ನಿಂತೇ ಕುಡಿದರು. ಕುಡಿದದ್ದಕ್ಕಿಂತ ಚೆಲ್ಲಿಕೊಂಡದ್ದೇ ಹೆಚ್ಚು.

ಕೋವಿ ಇದ್ದ ಮನೆಯ ಹಿರಿಯರು ಅದನ್ನು ಒಯ್ದು ಠಾಣೆಗೆ ಒಪ್ಪಿಸಿದರು ಅಂತ ಕೇಳಿದೆ. ಭಾನುವಾರ ಕಾವಲಿಗೆ ಯಾರೂ ಹೋಗಲಿಲ್ಲ. ಹೋಗಿದ್ದರೂ ಏನೂ ಆಗದೆ ಇರಬಹುದಿತ್ತು, ಒಂದು ಮೊಲವೂ ಸಿಗದೆ ವಾಪಸ್ ಬರುತ್ತಿದ್ದರೇನೋ. ಈ ಯೋಚನೆ ನನಗೆ ಎಷ್ಟೋ ಸಲ ಬಂದಿದೆ. ಎರಡು ಮನೆಯ ಹುಣ್ಣು ಕೆದಕಿ ಬಂದೆನಾ ಅಂತಲೂ ಅನ್ನಿಸಿದೆ. ಒಂದು ದಿನ ಸರಿ ಅನ್ನಿಸುತ್ತದೆ, ಒಂದು ದಿನ ಅನ್ನಿಸುವುದಿಲ್ಲ.

ಆ ಬೇಟೆ ಆಟ ತೆಗೆದುಹಾಕೋಣ ಅಂತ ಭಾವನನ್ನು ಕೇಳಿದೆ. ಅವರು ಒಪ್ಪಲಿಲ್ಲ. ದುಡ್ಡು ತರುವುದೇ ಅದು ಅಂದರು. ಅದೂ ನಿಜವೇ. ಆಟ ಇತ್ತು, ನಾನೂ ಇದ್ದೆ. ಪೊದೆ ಅಲ್ಲಾಡಿದ ತಕ್ಷಣ ಒತ್ತುವವರ ಹಿಂದೆ ನಿಂತು, "ಏನು ಅಂತ ನೋಡ್ಕೊಂಡು ಹೊಡಿಯೋ" ಅನ್ನುವುದು ಅಭ್ಯಾಸವಾಯಿತು. ಹುಡುಗರು ನನಗೆ ನೋಡ್ಕೊಂಡಕ್ಕ ಅಂತ ಹೆಸರಿಟ್ಟರು.

ಆಮೇಲೆ ಕಾಲ ಬೇಗ ಬೇಗ ಓಡಿತು. ಭಾವ ಹಳೆಯ ದಪ್ಪ ಟೀವಿಗಳನ್ನು ಮಾರಿ ಗೋಡೆಗೆ ತಗುಲಿಸುವ ತೆಳ್ಳನೆಯವನ್ನು ತಂದರು. ಬಾತುಕೋಳಿ ಗನ್ನು ಅದರ ಮೇಲೆ ಕೆಲಸವನ್ನೇ ಮಾಡಲಿಲ್ಲ, ಹಕ್ಕಿಗಳು ಆರಾಮಾಗಿ ಹಾರಿಕೊಂಡು ಹೋದವು. ನಾನೇ ಕೆಡಿಸಿದೆ ಅಂತ ಭಾವ ಎರಡು ದಿನ ಮಾತು ಬಿಟ್ಟರು. ಹೊಸ ಟೀವಿಯ ಬೆಳಕಿನ ರೀತಿಯೇ ಬೇರೆ, ಹಳೆಯ ಗನ್ನಿಗೆ ಅದು ಕಾಣುವುದಿಲ್ಲ ಅಂತ ಮೆಕ್ಯಾನಿಕ್ ಬಂದು ಹೇಳಿದ ಮೇಲೆ ಮೈಸೂರು ಪಾಕು ತಂದುಕೊಟ್ಟರು. ಅಷ್ಟರಲ್ಲಿ ಎಲ್ಲರ ಜೇಬಿನಲ್ಲೂ ಫೋನು. ಬೇಟೆ, ಮೀನು ಎಲ್ಲ ಅದರೊಳಗೇ. ನಮ್ಮ ಅಂಗಡಿಯಲ್ಲಿ ಚಾರ್ಜಿಗೆ ಹಾಕಿಕೊಂಡು ತಮ್ಮ ಫೋನಿನಲ್ಲಿ ಆಡುತ್ತಿದ್ದರು. ಭಾವ ತೀರಿಕೊಂಡರು. ನನ್ನ ಮಂಡಿಯೂ ಸೋತಿತು. ಶಟರ್ ಎಳೆದದ್ದು ನಾನೇ.

ನಂದಿನಿ, ನಿನ್ನ ಪೆಟ್ಟಿಗೆ ಕಟ್ಟಿಕೊಂಡವರ ಕಣ್ಣು ನಿನಗೆ ಕಾಣುವುದಿಲ್ಲ. ಅದೇ ನನಗೆ ಯೋಚನೆ. ಹಾಗಾಗಿ ಕೈ ನೋಡು. ಎದ್ದು ಓಡಾಡುತ್ತಾ ಇರು. ಹಿಂದೆ ಯಾರು ಬಂದು ಕೂತಿದ್ದಾರೆ, ಯಾಕೆ ಕೂತಿದ್ದಾರೆ ಅಂತ ಕೇಳು. ಬೈದರೆ ಬೈಸಿಕೋ.

ಹೋದ ತಿಂಗಳು ಮಂಡಿ ತೋರಿಸಲು ಹೊರಟವಳು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಕಾಯುವುದು ಅಂದರೆ ಗೊತ್ತಲ್ಲ, ಪ್ಲಾಟ್‌ಫಾರಂ ಉದ್ದಕ್ಕೂ ತಿರುಗುತ್ತಿದ್ದೆ. ಶಿವಮೊಗ್ಗದ ಬಸ್ಸೊಂದು ಬಂದು ನಿಂತಿತು. ಬಾಗಿಲಲ್ಲಿ ಕಪ್ಪು ಕನ್ನಡಕದ ಮುದುಕರೊಬ್ಬರು ಕಂಬಿ ಹಿಡಿದು ತಡವರಿಸುತ್ತಿದ್ದರು. ಕಣ್ಣಿನ ಆಪರೇಷನ್ ಆಗಿರಬೇಕು. ಹಿಂದೆ ಇನ್ನೂ ಇಳಿಯುವವರ ನೂಕುನುಗ್ಗಲು, ಕಂಡಕ್ಟರ್ ಸೀಟಿ ಊದುತ್ತಿದ್ದ. ಮೊದಲು ಕೆಳಗಿಳಿದು ಎರಡೂ ಕೈ ಚಾಚಿ ನಿಂತವನಿಗೆ ತಲೆ ಅಲ್ಲಲ್ಲಿ ನರೆತಿತ್ತು, ಹೊಟ್ಟೆ ಬಂದಿತ್ತು. ಆದರೂ ಗುರುತು ಸಿಕ್ಕಿತು. ಕಿರಣ.

ಅವನಿಗೆ ನಾನು ಕಾಣಲಿಲ್ಲ. ಅವನ ಕಣ್ಣೆಲ್ಲ ಆ ಮುದುಕರ ಪಾದದ ಮೇಲಿತ್ತು.

"ನಿಧಾನ, ನಿಧಾನ. ಇನ್ನೊಂದೇ ಮೆಟ್ಟಿಲು" ಅನ್ನುತ್ತಿದ್ದ. "ನಾನಿಲ್ಲೇ ಇದೀನಿ ದೊಡ್ಡಪ್ಪ."